ಓದುಗರ ಪ್ರಶ್ನೆ: ಓರ್ಕ್‌ಗಳ ಹುಟ್ಟು ಯಾವುದು?

ಪ್ರಶ್ನೆ: ಇಂಗ್ಲಿಷ್ ಲೇಖಕ ಟೋಲ್ಕಿನ್ ಕಥೆಗಳ ಓರ್ಕ್‌ಗಳು (ಕೇಡಿನ ಸೈನ್ಯದ ಕ್ರೂರ ಜೀವಿಗಳು) ಮೂಲತಃ ಕೆಟ್ಟುಹೋದ ಎಲ್ಫ್‌ಗಳು (ಮನುಷ್ಯರನ್ನು ಹೋಲುವ ಚೆಲುವಾದ ಕುಲ) ಎಂದು ನನ್ನ ತಮ್ಮ ಹೇಳುತ್ತಾನೆ. ಸಿನಿಮಾದಲ್ಲಿ ಅವು ಕೆಸರಿನೊಳಗಿಂದ ಎದ್ದು ಬರುವುದನ್ನು ನಾನೇ ನೋಡಿದ್ದೇನೆ. ಯಾರದು ಸರಿ?

ಉತ್ತರ: ಇಬ್ಬರಿಗೂ ಟೋಲ್ಕಿನ್ನರ ಬರಹದಲ್ಲೇ ಆಧಾರವಿದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅವರು ಬರೆದ ಗೊಂಡೋಲಿನ್ ನಗರದ ಪತನದ ಕಥೆಯಲ್ಲಿ ಓರ್ಕ್‌ಗಳು ನೆಲದಾಳದ ಕಾವಿನಿಂದ, ಲೋಳೆಯಿಂದ ಹುಟ್ಟುತ್ತವೆ. 2001ರ ಚಲನಚಿತ್ರದ ಕೆಸರು ಆ ಹಳೆಯ ಕಲ್ಪನೆಗೆ ಹತ್ತಿರವಾದದ್ದು. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯಲ್ಲಿ ಅಂಥ ದೃಶ್ಯವಿಲ್ಲ. ಅಲ್ಲಿ ಕೆಟ್ಟ ಮಾಂತ್ರಿಕ ಸಾರುಮನ್ ಓರ್ಕ್‌ಗಳನ್ನೂ ಮನುಷ್ಯರನ್ನೂ ಬೆರೆಸಿರಬಹುದೆಂದು ಮರದಂಥ ಮುದುಕ ಟ್ರೀಬಿಯರ್ಡ್ ಶಂಕಿಸುತ್ತಾನೆ, ಅಷ್ಟೇ.

ನಿಮ್ಮ ತಮ್ಮನ ವಾದ ಟೋಲ್ಕಿನ್ನರ ಪುರಾಣಕಥೆಗಳ ಪುಸ್ತಕ ‘ದಿ ಸಿಲ್ಮರಿಲಿಯನ್’ನಿಂದ ಬಂದದ್ದು. ಆ ಪುರಾಣದ ಮೊದಲ ಕೇಡಿಗ ಮೆಲ್ಕೋರ್ ಎಲ್ಫ್‌ಗಳನ್ನು ಹಿಡಿದು, ಸೆರೆಯಲ್ಲಿಟ್ಟು, ನಿಧಾನವಾಗಿ ಹಿಂಸಿಸಿ ಓರ್ಕ್‌ಗಳನ್ನಾಗಿ ಮಾಡಿದ ಎಂದು ಅಲ್ಲಿದೆ. ಆದರೆ ಆ ವಾಕ್ಯವನ್ನು ನಿಧಾನವಾಗಿ ಓದಬೇಕು. ಹೀಗೆಂದು ಜ್ಞಾನಿಗಳು ನಂಬುತ್ತಾರೆ ಎಂದಷ್ಟೇ ನಿರೂಪಕ ಹೇಳುತ್ತಾನೆ. ಜೊತೆಗೆ ಆ ಪುಸ್ತಕ ಪ್ರಕಟವಾದದ್ದು 1977ರಲ್ಲಿ, ಟೋಲ್ಕಿನ್ ತೀರಿಕೊಂಡು ನಾಲ್ಕು ವರ್ಷಗಳಾದ ಮೇಲೆ. ಹಸ್ತಪ್ರತಿಗಳನ್ನು ಹೊಂದಿಸಿದವರು ಮಗ ಕ್ರಿಸ್ಟೋಫರ್. ಅದೇ ಕ್ರಿಸ್ಟೋಫರ್ 1993ರಲ್ಲಿ ಹೊರತಂದ ಇನ್ನೊಂದು ಸಂಪುಟದಲ್ಲಿ ತಂದೆಯ ಒಂದು ಅಂಚಿನ ಟಿಪ್ಪಣಿಯನ್ನು ಅಚ್ಚು ಹಾಕಿದರು: ಇದನ್ನು ಬದಲಿಸಬೇಕು, ಓರ್ಕ್‌ಗಳು ಎಲ್ಫ್ ಮೂಲದವಲ್ಲ. ಎಲ್ಫ್ ವಾದವನ್ನು ಕೊನೆಯ ಮಾತೆಂದು ಹೇಳುವವರಿಗೆ ನಾನು ಯಾವಾಗಲೂ ಈ ಟಿಪ್ಪಣಿಯನ್ನೇ ತೋರಿಸುತ್ತೇನೆ.

ಟೋಲ್ಕಿನ್ ಯಾಕೆ ಇಷ್ಟು ಒದ್ದಾಡಿದರು? ಅವರು ಶ್ರದ್ಧಾವಂತ ಕ್ಯಾಥೊಲಿಕ್. ಕೇಡಿಗೆ ಅಣಕಿಸಲು ಬರುತ್ತದೆ, ಸೃಷ್ಟಿಸಲು ಬರುವುದಿಲ್ಲ ಎಂದು ಕಾದಂಬರಿಯಲ್ಲಿ ಕಥಾನಾಯಕ ಫ್ರೋಡೋ ಬಾಯಲ್ಲೇ ಹೇಳಿಸಿದ್ದಾರೆ. ಆ ಮಾತಿನೊಂದಿಗೆ ಲೋಳೆಯ ಕಥೆ ಬಿದ್ದುಹೋಗುತ್ತದೆ. ಲೋಳೆಗೆ ಜೀವ ಕೊಡುವುದು ಸೃಷ್ಟಿಯಲ್ಲದೆ ಮತ್ತೇನು? ಸರಿ, ಇದ್ದವರನ್ನೇ ಕೆಡಿಸಿದ ಎನ್ನೋಣವೆಂದರೆ, ಎಲ್ಫ್‌ಗಳಿಗೆ ಮುಪ್ಪಿನ ಸಾವಿಲ್ಲ. ಹಾಗಾದರೆ ಓರ್ಕ್‌ಗಳೂ ಚಿರಂಜೀವಿಗಳೇ? ಯುದ್ಧದಲ್ಲಿ ಸತ್ತ ಓರ್ಕ್‌ನ ಆತ್ಮ ಎಲ್ಲಿಗೆ ಹೋಗಬೇಕು? ಇದಕ್ಕೆ ಪರಿಹಾರವಾಗಿ ಓರ್ಕ್‌ಗಳು ಮನುಷ್ಯರೂಪ ಕೊಟ್ಟ ಮೃಗಗಳು, ಅವುಗಳ ಮಾತು ಗಿಳಿಪಾಠ ಎಂದೂ ಒಮ್ಮೆ ಬರೆದು ನೋಡಿದರು. ಆಮೇಲೆ ಮನುಷ್ಯರನ್ನು ಕೆಡಿಸಿ ಮಾಡಿದ್ದು ಎಂಬ ನಿಲುವಿಗೆ ಬಂದರು. ಅಲ್ಲಿ ಕಾಲಗಣನೆ ಅಡ್ಡ ಬಂತು: ಅವರ ಪುರಾಣದ ಪ್ರಕಾರ ಮನುಷ್ಯರು ಕಣ್ಣು ತೆರೆದದ್ದು ಸೂರ್ಯನ ಮೊದಲ ಉದಯದ ಹೊತ್ತಿಗೆ, ಓರ್ಕ್‌ಗಳು ಅದಕ್ಕೆ ಮುಂಚೆಯೇ ಯುದ್ಧ ಮಾಡುತ್ತಿದ್ದವು. ಹಳೆಯ ಕಥೆಗಳ ಕಾಲವನ್ನೇ ಹಿಂದಕ್ಕೆ ತಳ್ಳುವ ಯೋಚನೆ ಟಿಪ್ಪಣಿಗಳಲ್ಲಿದೆ, ಆದರೆ ಆ ಕೆಲಸ ಪೂರ್ತಿಯಾಗಲಿಲ್ಲ.

ನನ್ನ ಒಲವು ಮನುಷ್ಯ ಮೂಲದ ಕಡೆಗೆ. ಕಾರಣ ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ರಾವಣನ ಮನೆಯಲ್ಲಿ ವಿಭೀಷಣ ಹುಟ್ಟಿದ, ಹಿರಣ್ಯಕಶಿಪುವಿಗೆ ಪ್ರಹ್ಲಾದ ಹುಟ್ಟಿದ. ಓರ್ಕ್‌ಗಳಲ್ಲಿ ಅಂಥ ಒಬ್ಬನೂ ಇಲ್ಲವೇಕೆ? ಒಂದು ಕುಲವನ್ನೇ ಹುಟ್ಟಿನಿಂದ ಕೆಟ್ಟದ್ದು ಎನ್ನುವುದು ನ್ಯಾಯವೇ?

ಉತ್ತರ: ಈ ಪ್ರಶ್ನೆಗಾಗಿ ನಿಮಗೆ ವಂದನೆ. ಹೌದು, ಕಾದಂಬರಿಯಲ್ಲಿ ಪಕ್ಷ ಬದಲಿಸುವ ಒಬ್ಬ ಓರ್ಕ್ ಕೂಡ ಇಲ್ಲ. ಅದು ನನ್ನನ್ನೂ ಕಾಡುತ್ತದೆ. ಆದರೆ ಎರಡನೆಯ ಭಾಗದ ಕೊನೆಯಲ್ಲಿ ಶಾಗ್ರಾಟ್ ಮತ್ತು ಗೋರ್ಬಾಗ್ ಎಂಬ ಇಬ್ಬರು ಓರ್ಕ್ ನಾಯಕರು ಹರಟುವ ಪುಟಗಳಿವೆ. ಯುದ್ಧ ಮುಗಿದ ಮೇಲೆ ನಂಬಿಕಸ್ಥ ಹುಡುಗರನ್ನು ಕಟ್ಟಿಕೊಂಡು ಎಲ್ಲಾದರೂ ಹೋಗೋಣ, ತಲೆಯ ಮೇಲೆ ದೊಡ್ಡ ದಣಿಗಳಿಲ್ಲದ ಕಡೆ ಇರೋಣ ಎಂದು ಗೋರ್ಬಾಗ್ ಆಸೆಪಡುತ್ತಾನೆ. ಪ್ರಜ್ಞೆಯಿಲ್ಲದೆ ಬಿದ್ದ ಫ್ರೋಡೋನನ್ನು ಸಂಗಾತಿ ಬಿಟ್ಟು ಹೋದದ್ದು ನೀಚತನ ಎಂದೂ ಅವನಿಗೆ ಅನ್ನಿಸುತ್ತದೆ. ತುಸು ಹೊತ್ತಿನಲ್ಲೇ, ದೈತ್ಯ ಜೇಡದ ಬಲೆಯಲ್ಲಿ ಜೀವಂತ ನೇತಾಡುತ್ತಿದ್ದ ತಮ್ಮವನೊಬ್ಬನನ್ನು ಅಲ್ಲೇ ಬಿಟ್ಟು ನಕ್ಕು ಬಂದ ಕಥೆಯನ್ನು ಶಾಗ್ರಾಟ್ ಹೇಳುತ್ತಾನೆ. ವಿದ್ವಾಂಸ ಟಾಮ್ ಶಿಪ್ಪಿ ಈ ಪ್ರಸಂಗವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ: ಓರ್ಕ್‌ಗಳಿಗೆ ಒಳಿತು ಕೆಡಕು ಗೊತ್ತು, ಅದು ತಮಗೂ ಅನ್ವಯಿಸುತ್ತದೆ ಎಂಬುದು ಮಾತ್ರ ತೋಚುವುದಿಲ್ಲ. ಇಂಥ ಕುರುಡುತನ ಮೃಗಗಳಿಗಿರುವುದಿಲ್ಲ, ನಮಗಿದೆ. ಅದಕ್ಕೇ ನನ್ನ ಒಲವು ಮನುಷ್ಯ ಮೂಲದ ಕಡೆಗೆ.

ಟೋಲ್ಕಿನ್ನರಿಗೆ ಇದು ತಿಳಿದಿತ್ತು. 1954ರಲ್ಲಿ ಓದುಗರೊಬ್ಬರಿಗೆ ಬರೆದು ಕಳುಹಿಸದೆ ಉಳಿಸಿಕೊಂಡ ಪತ್ರದಲ್ಲಿ, ಓರ್ಕ್‌ಗಳನ್ನು ಉದ್ಧಾರವೇ ಇಲ್ಲದವರು ಎನ್ನಲು ಹೊರಟು, ಅಷ್ಟು ದೂರ ಹೋಗಲಾಗದು ಎಂದು ತಡೆದುಕೊಂಡಿದ್ದಾರೆ. ನಂತರದ ಟಿಪ್ಪಣಿಯಲ್ಲಿ, ಶರಣಾಗಿ ದಯೆ ಬೇಡಿದ ಓರ್ಕ್‌ಗೆ ಎಷ್ಟೇ ನಷ್ಟವಾದರೂ ದಯೆ ತೋರಲೇಬೇಕು ಎಂಬ ನಿಯಮವನ್ನೂ ಬರೆದರು. ಆ ನಿಯಮ ಕಾದಂಬರಿಯ ಯುದ್ಧಗಳೊಳಗೆ ಬರಲಿಲ್ಲ ಎಂಬುದು ನನ್ನ ದೂರು. ಒಬ್ಬ ಶರಣಾಗತ ಓರ್ಕ್ ಅಲ್ಲಿದ್ದಿದ್ದರೆ, ಟೋಲ್ಕಿನ್ನರಿಂದ ಓರ್ಕ್‌ಗಳನ್ನು ಎರವಲು ಪಡೆದ ನಂತರದ ಎಷ್ಟೋ ಆಟಗಳು ಅವನ್ನು ಬರೀ ಕೊಲ್ಲಬಹುದಾದ ಗುಂಪಾಗಿ ಕಾಣುವುದು ಇಷ್ಟು ಸುಲಭವಾಗುತ್ತಿರಲಿಲ್ಲ.

ಪ್ರಶ್ನೆ: ಓರ್ಕ್ ಹೆಂಗಸರು ಇದ್ದರೇ?

ಉತ್ತರ: ಇದ್ದಿರಲೇಬೇಕು. 1963ರ ಪತ್ರವೊಂದರಲ್ಲಿ ಟೋಲ್ಕಿನ್ ಹಾಗೆಯೇ ಹೇಳಿದ್ದಾರೆ. ಕಥೆಗಳಲ್ಲಿ ಓರ್ಕ್‌ಗಳು ಸೈನಿಕರಾಗಿ ಮಾತ್ರ ಎದುರಾಗುವುದರಿಂದ ಅವರ ಮನೆ ಬದುಕು ತಿಳಿಯದು ಎಂಬುದು ಅವರ ವಿವರಣೆ. ‘ದಿ ಹಾಬಿಟ್’ ಕಾದಂಬರಿಯಲ್ಲಿ ಬೋಲ್ಗ್ ಎಂಬ ನಾಯಕ ಅಜೋಗ್‌ನ ಮಗನಾಗಿ ಬರುತ್ತಾನೆ. ಅಪ್ಪನ ಹೆಸರಿದೆ, ತಾಯಿಯ ಹೆಸರನ್ನು ಟೋಲ್ಕಿನ್ ಕೊಡಲಿಲ್ಲ.