ಜಪಾನಿನಲ್ಲಿ ಕಡಿಮೆ ಖರ್ಚಿನಲ್ಲಿ ಮಾಂಗಾ ಓದೋದು

ಜಪಾನಿನಲ್ಲಿ ಮಾಂಗಾ, ಅಂದರೆ ಜಪಾನೀ ಕಾಮಿಕ್ಸ್, ಓದೋಕೆ ತುಂಬಾ ಖರ್ಚಾಗ್ತಿದೆ, ಕಾಂಜಿ (ಜಪಾನೀ ಬರಹದಲ್ಲಿ ಬಳಸೋ ಚೀನೀ ಮೂಲದ ಅಕ್ಷರಗಳು) ಓದೋದೂ ಕಷ್ಟ ಅಂತ ನೀವು ಬರೆದಿದ್ರಿ. ನೀವು ಹೊಸ ಸಂಪುಟಗಳನ್ನೇ ಕೊಳ್ಳುತ್ತಿರೋದು ತೊಂದರೆ. ಯಾವ ಅಂಗಡಿಯಲ್ಲೂ ಡಿಸ್ಕೌಂಟ್ ಯಾಕಿಲ್ಲ ಅಂತ ಕೇಳಿದ್ರಲ್ಲ, ಅಲ್ಲಿ ಹೊಸ ಪುಸ್ತಕದ ಬೆಲೆ ನಿಗದಿ ಮಾಡೋದು ಪ್ರಕಾಶಕರು. ಎಲ್ಲಿ ಹೋದರೂ ಅದೇ ರೇಟು.

ಮೊದಲು ಹತ್ತಿರದ ಬುಕ್ ಆಫ್‌ಗೆ ಹೋಗಿ, ಅದು ಹಳೆಯ ಪುಸ್ತಕ ಮಾರೋ ಅಂಗಡಿಗಳ ಸರಣಿ. ಸೆಕೆಂಡ್ ಹ್ಯಾಂಡ್ ಅಂದರೂ ಬಹಳಷ್ಟು ಪುಸ್ತಕಗಳು ಹೊಸದರ ಹಾಗೇ ಇರುತ್ತವೆ. 110 ಯೆನ್ ಕಪಾಟು ಹುಡುಕಿ. ಹಳೆಯ ಜನಪ್ರಿಯ ಸರಣಿಗಳ ಮೊದಲ ಮೂರ್ನಾಲ್ಕು ಸಂಪುಟ ಅಲ್ಲಿ ಧಾರಾಳ, ನಡುವಿನ ನಂಬರುಗಳೇ ಕೈಕೊಡೋದು. ಹಾಗಾಗಿ ಬಿಡಿಬಿಡಿಯಾಗಿ ಕೊಳ್ಳೋ ಮುಂಚೆ ಪೂರ್ತಿ ಸೆಟ್ ಕಟ್ಟಿಟ್ಟಿದ್ದಾರಾ ನೋಡಿ, ಸಾಮಾನ್ಯವಾಗಿ ಅದೇ ಅಗ್ಗ.

ಐವತ್ತು ಅರವತ್ತು ಸಂಪುಟದ ಸರಣಿಯಾದರೆ ಕೊಳ್ಳಲೇಬೇಡಿ, ಮನೆಯಲ್ಲಿ ಇಡೋಕೂ ಜಾಗ ಇರಲ್ಲ. ದುಡ್ಡು ಕೊಟ್ಟು ಕೂತು ಮಾಂಗಾ ಓದೋ ಮಾಂಗಾ ಕೆಫೆಗೆ ಹೋಗಿ, ಅಲ್ಲಿ ಗಂಟೆ ಲೆಕ್ಕದ ಬದಲು ಕೆಲವು ಗಂಟೆಗಳ ಪ್ಯಾಕ್ ತಗೊಳ್ಳಿ. ಕಾಫಿ, ಜ್ಯೂಸ್ ಬಹಳಷ್ಟು ಕಡೆ ಅದರಲ್ಲೇ ಸೇರಿರುತ್ತೆ. ಗುರುತಿನ ಚೀಟಿ ಮರೀಬೇಡಿ, ಸದಸ್ಯತ್ವಕ್ಕೆ ಕೇಳಬಹುದು.

ಫೋನಲ್ಲಾದರೆ ಜಪಾನೀ ಆ್ಯಪ್‌ಗಳನ್ನೇ ಹಾಕಿಕೊಳ್ಳಿ. ಇಂಗ್ಲಿಷಿನ ಮಾಂಗಾ ಪ್ಲಸ್ ಆ್ಯಪ್ ಜಪಾನಿನೊಳಗೆ ಸಿಗಲ್ಲ. ಪಿಕ್ಕೋಮಾ ಅನ್ನೋ ಜಪಾನೀ ಆ್ಯಪ್‌ನಲ್ಲಿ ಕಾದರೆ ಅನೇಕ ಸರಣಿಗಳ ಒಂದೊಂದು ಕಂತು ಪುಕ್ಕಟೆ. ಕಾಂಜಿ ಕಷ್ಟ ಅಂದಿದ್ದೀರಿ, ಅದಕ್ಕೆ ಹುಡುಗರಿಗಾಗಿ ಬರುವ ಶೋನೆನ್ ಸರಣಿಗಳಿಂದ ಶುರು ಮಾಡಿ. ಅವುಗಳಲ್ಲಿ ಅಕ್ಷರದ ಪಕ್ಕದಲ್ಲೇ ಸಣ್ಣದಾಗಿ ಉಚ್ಚಾರಣೆ ಬರೆದಿರುತ್ತೆ.