ಸಾಹಸದ ಚಿತ್ರದಲ್ಲಿ ಸಾವಿನ ನಂತರದ ನಗು

ಮುಳುಗಿದ ಹಡಗೊಂದನ್ನು ಹುಡುಕಿ ಹೊರಡುವ ಮೂವರು ಗೆಳೆಯರ ವಿಚಿತ್ರ ಸಾಹಸವನ್ನು ಚಿತ್ರಕಥೆಯಾಗಿ ಬರೆಯುತ್ತಿದ್ದೀರಿ. ನಡುವೆ ಒಬ್ಬ ತೀರಿಕೊಂಡ ಮೇಲೆ ಪ್ರೇಕ್ಷಕರನ್ನು ಮತ್ತೆ ನಗಿಸಬಹುದೇ ಎಂಬುದು ತಮ್ಮ ಪ್ರಶ್ನೆ. ನಾನು ಹೊನ್ನಾವರದವನು. ಇಲ್ಲಿಯ ಗೆಳೆಯರೊಂದಿಗೆ ಶರಾವತಿಯ ಅಳಿವೆಯಲ್ಲಿ ಕಿರುಚಿತ್ರವೊಂದನ್ನು ಮಾಡಿದಾಗ ಇದೇ ಪ್ರಶ್ನೆ ನಮ್ಮನ್ನೂ ಬಹಳ ಕಾಡಿತ್ತು.

ನಗು ಇಷ್ಟು, ದುಃಖ ಇಷ್ಟು ಎಂದು ಅಳೆದು ಹಂಚುವ ಯೋಚನೆಯನ್ನು ದಯವಿಟ್ಟು ಬಿಡಿ. ಎರಡೂ ಒಂದೇ ಕೊರತೆಯಿಂದ ಹುಟ್ಟಿದರೆ ಅವು ತಾವಾಗಿಯೇ ಹೊಂದಿಕೊಳ್ಳುತ್ತವೆ. ಚಾರ್ಲಿ ಚಾಪ್ಲಿನ್ ಅವರ 1925ರ ‘ದಿ ಗೋಲ್ಡ್ ರಷ್’ ಚಿತ್ರದಲ್ಲಿ ಚಿನ್ನ ಹುಡುಕಲು ಹೋಗಿ ಹಿಮದಲ್ಲಿ ಸಿಲುಕಿದ ನಾಯಕ ಹಸಿವು ತಾಳಲಾರದೆ ತನ್ನ ಬೂಟನ್ನೇ ಬೇಯಿಸಿ, ಲೇಸನ್ನು ಶಾವಿಗೆಯಂತೆ ಸುತ್ತಿಕೊಂಡು ತಿಂದು, ಮೊಳೆಗಳನ್ನು ಮೂಳೆಯಂತೆ ಚೀಪುತ್ತಾನೆ. ಹಿಮದಲ್ಲಿ ಸಿಕ್ಕಿಬಿದ್ದು, ಸತ್ತವರ ಮಾಂಸವನ್ನು ತಿಂದು ಜೀವ ಉಳಿಸಿಕೊಂಡ ವಲಸೆಗಾರರ ನಿಜವಾದ ದುರಂತವೇ ಇದಕ್ಕೆ ಪ್ರೇರಣೆ. ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಆಮೇಲಿನ ಸಂಗತಿ: ಬೂಟು ಕಳೆದುಕೊಂಡ ಆ ಕಾಲಿಗೆ ಚಿಂದಿ ಸುತ್ತಿಕೊಂಡೇ ಅವನು ಮುಂದಿನ ದೃಶ್ಯಗಳಲ್ಲಿ ಓಡಾಡುತ್ತಾನೆ. ನಗಿಸಿದ ಘಟನೆ ಅವನ ಮೈಮೇಲೆ ಉಳಿದೇ ಇರುತ್ತದೆ.

ಯಕ್ಷಗಾನದ ಆಟ ನೋಡಿ ಬೆಳೆದ ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಕಾರ್ಕೋಟಕ ಕಚ್ಚಿ ಕುರೂಪಿಯಾದ ನಳ, ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣನ ಸಾರಥಿಯಾಗಿರುತ್ತಾನೆ. ಅವನ ಗಿಡ್ಡ ತೋಳುಗಳನ್ನು ನೋಡಿ ನಗುತ್ತಿದ್ದ ಜನ, ದಮಯಂತಿಯ ಊರಿನಲ್ಲಿ ಅವನು ತನ್ನ ಮಕ್ಕಳನ್ನು ಅದೇ ತೋಳುಗಳಿಂದ ತಬ್ಬಿಕೊಂಡು ಅಳುವಾಗ ಸ್ತಬ್ಧರಾಗುತ್ತಾರೆ. ವೇಷ ಬದಲಾಗಿರುವುದಿಲ್ಲ, ಅದಕ್ಕೆ ಅರ್ಥ ತುಂಬಿರುತ್ತದೆ.

ನಮ್ಮ ಚಿತ್ರದಲ್ಲಿ ತೂತು ಬಿದ್ದ ಪಾತಿ ದೋಣಿಯ ನೀರನ್ನು ತೆಂಗಿನ ಗರಟೆಯಿಂದ ಎತ್ತಿ ಚೆಲ್ಲುತ್ತ, ಪ್ರತಿ ಗರಟೆಗೊಮ್ಮೆ ದೋಣಿ ಮಾರಿದವನನ್ನು ಬೈಯುವ ಪಾತ್ರವೊಂದಿತ್ತು. ಆ ಬೈಗುಳಕ್ಕೆ ಜನ ಮನಸಾರೆ ನಕ್ಕರು. ಅವನು ಸತ್ತ ಕೂಡಲೇ ವಾತಾವರಣ ಹಗುರಾಗಲೆಂದು ನಾವು ಬೇರೊಬ್ಬನ ಬಾಯಲ್ಲಿ ತಮಾಷೆಯ ಮಾತು ಹಾಕಿದ್ದೆವು. ಕುಮಟಾದಲ್ಲಿ ಪರಿಚಿತರಿಗೆ ತೋರಿಸಿದಾಗ ಯಾರೂ ನಗಲಿಲ್ಲ. ಹಿರಿಯರೊಬ್ಬರು, ‘ಸತ್ತವನನ್ನು ನೀವೇ ಮರೆತುಬಿಟ್ಟಿರಲ್ಲ’ ಎಂದರು. ಆ ಮಾತು ನನಗೆ ಇಂದಿಗೂ ನೋಯುತ್ತದೆ, ಏಕೆಂದರೆ ಅದು ಸತ್ಯವಾಗಿತ್ತು.

ಆ ದೃಶ್ಯವನ್ನು ತೆಗೆದುಹಾಕಿ ಮತ್ತೆ ಚಿತ್ರೀಕರಿಸಿದೆವು. ಸಂಗೀತವಿಲ್ಲ, ದೋಣಿಗೆ ನೀರು ತಾಗುವ ಸದ್ದು ಮಾತ್ರ. ಉಳಿದ ಗೆಳೆಯ ಬಹಳ ಹೊತ್ತು ಸುಮ್ಮನೆ ಕೂತು, ನೀರು ಪಾದ ಮುಟ್ಟಿದಾಗ ಗರಟೆಯನ್ನು ಎತ್ತಿಕೊಳ್ಳುತ್ತಾನೆ. ಎರಡು ಸಲ ಮೌನವಾಗಿ ಚೆಲ್ಲಿ, ಮೂರನೆಯ ಸಲ ಸತ್ತವನದೇ ಧಾಟಿಯಲ್ಲಿ ದೋಣಿ ಮಾರಿದವನನ್ನು ಬೈಯುತ್ತಾನೆ. ಈ ಬಾರಿ ಜನ ನಕ್ಕರು, ಆದರೆ ಆ ನಗು ಮೊದಲಿನಷ್ಟು ಜೋರಾಗಿರಲಿಲ್ಲ.

ಆದ್ದರಿಂದ ತಾವು ಸಾವಿನ ದೃಶ್ಯಕ್ಕಿಂತ ಮೊದಲೇ, ಉಳಿದಿಬ್ಬರು ಸತ್ತವನ ಯಾವ ವಸ್ತುವನ್ನು ಕೈಗೆತ್ತಿಕೊಳ್ಳುತ್ತಾರೆ, ಅವನ ಯಾವ ಮಾತನ್ನು ತಮಗರಿಯದೆ ಆಡುತ್ತಾರೆ ಎಂಬುದನ್ನು ಬರೆದುಕೊಳ್ಳಿ. ಅನಂತರ ಮೊದಲರ್ಧಕ್ಕೆ ಮರಳಿ, ಆ ವಸ್ತು ಮತ್ತು ಆ ಮಾತಿನಿಂದ ಕನಿಷ್ಠ ಎರಡು ಸಲ ನಗಿಸಿ.