ಎರೆ ಭೂಮಿಯಲ್ಲಿ ಸೋಕ್ ಪಿಟ್ ಎಷ್ಟು ಆಳ ತೋಡಿಸಬೇಕು?

ನವಲಗುಂದದ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ನಿಮ್ಮ ಮನೆ. ಬೇಸಿಗೆಯಲ್ಲಿ ಗೌಂಡಿ ಗುಂಡಿ ತೋಡಿ ನಾಲ್ಕು ಕೊಡ ನೀರು ಸುರಿದರು, ಅರ್ಧ ತಾಸಿನಲ್ಲಿ ಇಂಗಿತು. ಈಗ ಸೆಪ್ಟಿಕ್ ಟ್ಯಾಂಕಿನ ನೀರು ಇಂಗಿಸುವ ಸೋಕ್ ಪಿಟ್ 6 ಅಡಿಯೋ 10 ಅಡಿಯೋ ಎಂದು ಕೇಳುತ್ತಿದ್ದೀರಿ. ಆಳದ ಮಾತು ಆಮೇಲೆ. ನಮ್ಮ ಮನೆಯ ಪಿಟ್ಟೂ ಇಂಥ ಒಣ ಗುಂಡಿಯ ಲೆಕ್ಕ ನಂಬಿಯೇ ತೋಡಿದ್ದು. ಮೊದಲ ಮಳೆಗಾಲಕ್ಕೇ ತುಂಬಿ ಕಮೋಡಿನಲ್ಲಿ ನೀರು ನಿಂತಿತು.

ನಿಮ್ಮ ನಾಲ್ಕು ಕೊಡ ನೀರು ಮಣ್ಣಿಗೆ ಇಂಗಿಲ್ಲ, ಬಿರುಕಿಗೆ ಬಿದ್ದಿದೆ. ಎರೆ ಮಣ್ಣಿನ ಜೇಡಿ ಒಣಗಿದರೆ ಕುಗ್ಗಿ ಕೈ ತೂರುವಷ್ಟು ಬಾಯಿ ಬಿಡುತ್ತದೆ, ನೆನೆದರೆ ಉಬ್ಬಿ ಆ ಬಾಯಿಯನ್ನೆಲ್ಲ ಮುಚ್ಚಿಕೊಳ್ಳುತ್ತದೆ. ಉಬ್ಬುವುದು ತಾಸೆರಡು ತಾಸಿನ ಕೆಲಸವಲ್ಲ, ನೀರು ಜೇಡಿಯ ಒಳಗೆ ಸೇರಲು ರಾತ್ರಿಯಿಡೀ ಬೇಕು. ಪಿಟ್ಟಿಗಂತೂ ವರ್ಷವಿಡೀ ನೀರು ಹರಿಯುತ್ತಲೇ ಇರುತ್ತದೆ, ಅದರ ಸುತ್ತಲಿನ ಮಣ್ಣು ಒಣಗುವ ಮಾತೇ ಇಲ್ಲ. ಆದ್ದರಿಂದ ಅಳೆಯಬೇಕಾದದ್ದು ಪೂರ್ತಿ ಉಬ್ಬಿದ ಮಣ್ಣನ್ನು. ನೆನೆಸದೆ ಅಳೆದ ಅಂಕಿ ಎಷ್ಟೇ ಚೆನ್ನಾಗಿರಲಿ, ಬಿಟ್ಟುಬಿಡಿ.

ಸೆಪ್ಟಿಕ್ ಟ್ಯಾಂಕಿಗೆ ಇರುವ ಭಾರತೀಯ ಮಾನಕ ಐಎಸ್ 2470ರ ಕ್ರಮ ಹೀಗಿದೆ. ಪಿಟ್ ಎಷ್ಟು ಆಳಕ್ಕೆ ಹೋಗಬೇಕೋ ಅಷ್ಟು ಆಳದಲ್ಲಿ 10 ಸೆಂ.ಮೀ ಅಗಲದ ತೂತು ತೆಗೆಯಿರಿ. ಹಾರಿ, ಸಲಿಕೆ ತಾಗಿದ ಕಡೆ ಹಸಿ ಜೇಡಿ ಗಿಲಾಯಿ ಮಾಡಿದಂತೆ ನುಣುಪಾಗಿ ನೀರು ಬಿಡುವುದಿಲ್ಲ. ಉದ್ದ ಮೊಳೆಯಿಂದ ಬದಿಯನ್ನೆಲ್ಲ ಗೀರಿ, ಉದುರಿದ ಮಣ್ಣು ತೆಗೆದು, ತಳಕ್ಕೆ 5 ಸೆಂ.ಮೀ ಸಣ್ಣ ಖಡಿ (ಜಲ್ಲಿ) ಹಾಕಿ. ಖಡಿಯ ಮೇಲೆ 30 ಸೆಂ.ಮೀ ನೀರು ತುಂಬಿ, ಇಳಿದಂತೆಲ್ಲ ಹಾಕುತ್ತ ರಾತ್ರಿಯಿಡೀ ನಿಲ್ಲಿಸಿ. ಮರುದಿನ ಅದೇ ಹೊತ್ತಿಗೆ ನೀರು ಉಳಿದಿದ್ದರೆ ಖಡಿಯ ಮೇಲೆ 15 ಸೆಂ.ಮೀಗೆ ತಂದು, 30 ನಿಮಿಷದಲ್ಲಿ ಎಷ್ಟು ಇಳಿಯಿತೆಂದು ಅಳೆಯಿರಿ. ಪೂರ್ತಿ ಇಂಗಿದ್ದರೆ ಅರ್ಧರ್ಧ ತಾಸಿಗೆ 15 ಸೆಂ.ಮೀಗೆ ತುಂಬುತ್ತ 4 ತಾಸು ಅಳೆದು, ಕೊನೆಯ ಅರ್ಧ ತಾಸಿನ ಇಳಿತವನ್ನಷ್ಟೇ ಹಿಡಿಯಿರಿ. ಒಂದು ತೂತಿಗೆ ತೃಪ್ತರಾಗಬೇಡಿ, ಜಾಗದ ಮೂರ್ನಾಲ್ಕು ಕಡೆ ಮಾಡಿ.

ಬೇಕಾದದ್ದು 25 ಮಿ.ಮೀ ಇಳಿಯಲು ಹಿಡಿದ ನಿಮಿಷ. ಅರ್ಧ ತಾಸಿನಲ್ಲಿ 12 ಮಿ.ಮೀ ಇಳಿದರೆ 30×25÷12, ಅಂದರೆ 62 ನಿಮಿಷದ ಮೇಲೆ. 30ರ ಒಳಗಿದ್ದರೆ ಪಿಟ್ ಆದೀತು. 30ರಿಂದ 60 ಇದ್ದರೆ ಪಿಟ್ ಬೇಡ, ಖಡಿ ತುಂಬಿದ ಉದ್ದನೆಯ ಕಾಲುವೆ ಮಾಡಬೇಕು. 60 ದಾಟಿತೋ, ನೆಲಕ್ಕೆ ಇಂಗಿಸುವ ಆಸೆಯನ್ನೇ ಬಿಡಿ. ದಪ್ಪ ಎರೆಯಲ್ಲಿ ಹೆಚ್ಚಾಗಿ ಬರುವುದು ಇದೇ ಉತ್ತರ. ಅಂಥಲ್ಲಿ 10 ಅಡಿ ತೋಡಿಸಿ ಉಸುಕು ತುಂಬಿಸಿದರೂ ಅದು ಇನ್ನೊಂದು ಟಾಕಿ ಆಗುತ್ತದಷ್ಟೆ. ಸೆಪ್ಟಿಕ್ ಟ್ಯಾಂಕ್ ಆದಮೇಲೆ ನೀರು ಕೆಳಗಿನಿಂದ ಮೇಲಕ್ಕೆ ಹಾಯುವ ಖಡಿ ಫಿಲ್ಟರ್ ಕಟ್ಟಿಸಿ, ಹೊರಬಂದದ್ದನ್ನು ಗಿಡಗಳಿಗೆ ಬಿಡುವುದು ವಾಸಿ.

ಆದರೂ ಒಂದು ಆಸೆ ಇದೆ. ಎರೆ ತೆಳುವಾಗಿದ್ದರೆ ಕೆಳಗೆ ಗರಸು (ಮುರ್ರಂ) ಸಿಗುತ್ತದೆ. ಗರಸು ಬರುವ ತನಕ ತೋಡಿ, ಪರೀಕ್ಷೆಯನ್ನು ಅದರೊಳಗೇ ಮಾಡಿ. ಅಲ್ಲಿ 25 ನಿಮಿಷ ಬಂತೆನ್ನಿ. ಅದೇ ಐಎಸ್ ಸೂತ್ರದಂತೆ ದಿನಕ್ಕೆ ಒಂದು ಚದರ ಮೀಟರಿಗೆ 204 ಭಾಗಿಸು 25ರ ವರ್ಗಮೂಲ, ಸುಮಾರು 41 ಲೀಟರ್ ಇಂಗುತ್ತದೆ. ಐದು ಜನರ 500 ಲೀಟರಿಗೆ 12 ಚದರ ಮೀಟರ್ ಗೋಡೆ ಬೇಕು. ತಳವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಬೇಗ ಕಟ್ಟಿಕೊಳ್ಳುತ್ತದೆ. 1.2 ಮೀಟರ್ ಅಗಲದ ದುಂಡು ಪಿಟ್ಟಾದರೆ ಪೈಪ್ ಬೀಳುವ ಮಟ್ಟದ ಕೆಳಗೆ 3.2 ಮೀಟರ್, ಅಂದರೆ ಸುಮಾರು ಹತ್ತೂವರೆ ಅಡಿ, ಗರಸೇ ಸಿಗಬೇಕು, ಮೇಲಿನ ಎರೆಯ ಗೋಡೆ ಎಣಿಕೆಗಿಲ್ಲ. ನಿಮ್ಮ 6, 10 ಅಡಿ ಪ್ರಶ್ನೆಗೆ ಉತ್ತರ ಇಲ್ಲಿ ಸಿಗುತ್ತದೆ.

ಕಾಲುವೆ ನೀರಾವರಿ ಹತ್ತಿರವಿದ್ದರೆ ಅಂತರ್ಜಲವನ್ನು ಮಳೆಗಾಲದ ಕೊನೆಗೆ ನೋಡಿ, ನೆಲಮಟ್ಟದಿಂದ 1.8 ಮೀಟರಿನೊಳಗೆ ನೀರು ಬಂದರೆ ಗರಸು ಎಷ್ಟೇ ಚೆನ್ನಾಗಿರಲಿ ಪಿಟ್ ಆಗದು. ಕುಡಿಯುವ ನೀರಿನ ಬಾವಿಯಿಂದ 18 ಮೀಟರ್, ಮನೆಯಿಂದ 6 ಮೀಟರ್ ದೂರ ಬಿಡಿ. ಬಟ್ಟೆ ಒಗೆದ ನೀರನ್ನು ಪಿಟ್ಟಿಗೆ ಸೇರಿಸಬೇಡಿ, ಸೋಪಿನ ಪುಡಿಯ ಸೋಡಿಯಂ ಜೇಡಿಯನ್ನು ಇನ್ನಷ್ಟು ಬಿಗಿ ಮಾಡುತ್ತದೆ.